ಒಂಟಿ ಟಿಕೆಟ್ಟಿನ ಕರುಣೆ

ಕೆಲವು ವರ್ಷಗಳ ಹಿಂದಿನ ಮಾತು. ಕೊಲ್ಲಿ ನಾಡಿನಿಂದ ಬರಲಿದ್ದ ಬಂಧುವೊಬ್ಬರನ್ನು ಎದುರುಗೊಳ್ಳಲು ಮಂಗಳೂರು ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಕಾದು ನಿಂತಿದ್ದೆ. ಇನ್ನೂ ಬೆಳಕು ಹರಿದಿರಲಿಲ್ಲ. ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಬರುತ್ತಿದ್ದವರ ನಡುವೆ ಗಾಲಿಕುರ್ಚಿಯೊಂದು ಹೊರಬಂತು. ಅದರಲ್ಲಿದ್ದ ವ್ಯಕ್ತಿಗೆ ನಲವತ್ತೈದರ ಆಸುಪಾಸು. ತಲೆ ಒಂದು ಪಕ್ಕಕ್ಕೆ ವಾಲಿತ್ತು. ಬಲಗೈ ಮಡಿಲಲ್ಲಿ ಸತ್ವವಿಲ್ಲದೆ ಬಿದ್ದಿತ್ತು. ಅಂಗಿಯ ಎದೆಭಾಗ ಒದ್ದೆಯಾಗಿತ್ತು. ಕುರ್ಚಿಯ ಹಿಂದಿದ್ದ ಯುವಕ ನನ್ನನ್ನು ಗುರುತಿಸಿ ಹತ್ತಿರ ಬಂದ. ಹಿಂದೊಮ್ಮೆ ನಮ್ಮ ಶಾಲೆಯಲ್ಲಿ ಓದಿದ ಹುಡುಗ. ರೋಗಿಯೊಂದಿಗೆ ಒಂದೇ ಕೋಣೆಯಲ್ಲಿ ವಾಸವಾಗಿದ್ದವನು, ತನ್ನ ರಜೆಯನ್ನು ಮುಂಚಿತವಾಗಿ ಪಡೆದು ಜೊತೆಗೆ ಬಂದಿದ್ದ.

"ಮಾಸ್ಟ್ರೇ, ಬಾಯಾರಿಕೆ ಎಂದು ಸನ್ನೆ ಮಾಡಿದರು. ನೀರು ಕುಡಿಸಿದೆ. ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ" ಎಂದ. ಹೇಳುವಾಗ ಅವನ ಕೈ ನಡುಗುತ್ತಿತ್ತು.

ಪಾರ್ಶ್ವವಾಯು ಬಡಿದವರಲ್ಲಿ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಅಂಥವರಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದು ಆ ಹುಡುಗನಿಗೆ ಯಾರೂ ಹೇಳಿಕೊಡದ ಪಾಠ. ಅದೇ ದಿನ ಆಸ್ಪತ್ರೆ ಸೇರಿದ ಆ ಮನುಷ್ಯ ಹನ್ನೊಂದನೆಯ ದಿನ ನ್ಯುಮೋನಿಯಾದಿಂದ ತೀರಿಕೊಂಡರು. ಆ ನೀರೇ ಕಾರಣವೆಂದು ನಾನು ಹೇಳಲಾರೆ. ತಿಂಗಳುಗಟ್ಟಲೆ ಮಲಗಿದ್ದ ದೇಹದಲ್ಲಿ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನನ್ನನ್ನು ಇಂದಿಗೂ ಕಾಡುವುದು ಮನೆಯವರು ಹೇಳಿದ ಇನ್ನೊಂದು ಮಾತು: "ಕಂಪೆನಿಯವರು ಒಳ್ಳೆಯವರು, ಟಿಕೆಟ್ ತೆಗೆದುಕೊಟ್ಟರು."

ಹೌದು, ತೆಗೆದುಕೊಟ್ಟರು. ಒಂದೇ ಒಂದು ಟಿಕೆಟ್. ತಾನಾಗಿ ಎದ್ದು ಕೂರಲಾರದ, ನುಂಗಲಾರದ, ನೋವೆಂದು ಹೇಳಲಾರದ ಮನುಷ್ಯನಿಗೆ ಇತರ ಪ್ರಯಾಣಿಕರಂತೆಯೇ ಒಂದು ಆಸನ! ಇದನ್ನು ನಾವು ಕರುಣೆಯೆಂದು ಕರೆಯುತ್ತಿದ್ದೇವೆ. ಇದು ಕರುಣೆಯಲ್ಲ, ಕರ್ತವ್ಯದಿಂದ ಕೈತೊಳೆದುಕೊಳ್ಳುವ ಅತ್ಯಂತ ಅಗ್ಗದ ವಿಧಾನ ಎಂಬುದೇ ಈ ಲೇಖನದ ವಾದ.

ಆಕಾಶದಲ್ಲಿ ರೋಗಿಯ ದೇಹ

ವಿಮಾನವೆಂದರೆ ವೇಗವಾಗಿ ಓಡುವ ಬಸ್ಸು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆರೋಗ್ಯವಂತನ ಪಾಲಿಗೆ ಅದು ನಿಜವೂ ಇರಬಹುದು. ರೋಗಿಯ ಪಾಲಿಗೆ ಅಲ್ಲ.

ಮೂವತ್ತು ನಲವತ್ತು ಸಾವಿರ ಅಡಿಗಳ ಎತ್ತರದಲ್ಲಿ ಹಾರುವ ವಿಮಾನದೊಳಗೆ ಗಾಳಿಯ ಒತ್ತಡವನ್ನು ಕೃತಕವಾಗಿ ಕಾಪಾಡಲಾಗುತ್ತದೆ. ಆದರೆ ಅದು ಸಮುದ್ರಮಟ್ಟದ ಒತ್ತಡವಲ್ಲ. ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಅಂದರೆ ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿದ ರೋಗಿಯನ್ನು ಅರ್ಧ ಗಂಟೆಯೊಳಗೆ ಮುಳ್ಳಯ್ಯನಗಿರಿಯ ತುದಿಗೋ, ಅದಕ್ಕಿಂತಲೂ ಮೇಲಕ್ಕೋ ಏರಿಸಿ, ಮೂರು ನಾಲ್ಕು ಗಂಟೆಗಳ ಕಾಲ ಅಲ್ಲಿಯೇ ಕೂರಿಸಿದಂತೆ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ಉಸಿರಾಡುವುದೆಂದರೆ, ನೆಲದ ಮೇಲೆ ಶೇಕಡಾ 21ರ ಬದಲು ಶೇಕಡಾ 15ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಸೇವಿಸಿದಂತೆ. ಗಟ್ಟಿ ಎದೆಯವರಿಗೆ ಇದು ಅರಿವಿಗೂ ಬಾರದು. ಹೃದಯಾಘಾತದಿಂದ ಈಗಷ್ಟೇ ಚೇತರಿಸಿಕೊಂಡವರಿಗೆ, ಶ್ವಾಸಕೋಶದ ಕಾಯಿಲೆಯವರಿಗೆ, ತೀವ್ರ ರಕ್ತಹೀನತೆಯುಳ್ಳವರಿಗೆ ಇದು ಪ್ರಾಣಾಂತಿಕವೂ ಆಗಬಹುದು.

ಒತ್ತಡ ಕುಗ್ಗಿದಾಗ ದೇಹದೊಳಗೆ ಸಿಲುಕಿದ ಗಾಳಿ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರ ಕರುಳಿನಲ್ಲಿ, ಪೆಟ್ಟುಬಿದ್ದ ತಲೆಯೊಳಗೆ, ಶ್ವಾಸಕೋಶದ ಹೊರಗೆ ಸೇರಿಕೊಂಡ ಗಾಳಿ ಹೀಗೆ ಹಿಗ್ಗಿದರೆ ಏನಾದೀತೆಂದು ಊಹಿಸಬಹುದು. ಮುರಿದ ಕಾಲಿಗೆ ಹೊಸದಾಗಿ ಹಾಕಿದ ಪ್ಲಾಸ್ಟರ್ ಕೂಡ ಅಪಾಯವೇ. ಊತ ಹೆಚ್ಚಿ ರಕ್ತಸಂಚಾರ ನಿಲ್ಲಬಹುದೆಂಬ ಕಾರಣಕ್ಕೆ ಮೊದಲ ಒಂದೆರಡು ದಿನ ಪ್ರಯಾಣ ಬೇಡವೆನ್ನುತ್ತಾರೆ, ಅಥವಾ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಕಳುಹಿಸುತ್ತಾರೆ. ತುರ್ತು ಸಂದರ್ಭದಲ್ಲಿ ಮೇಲಿನಿಂದ ಇಳಿಬೀಳುವ ಆಮ್ಲಜನಕದ ಮುಖವಾಡಗಳನ್ನು ನೆನೆದು ನಿಶ್ಚಿಂತರಾಗುವವರಿದ್ದಾರೆ. ಅವು ವಿಮಾನ ಕೆಳಗಿಳಿಯುವವರೆಗಿನ ಕೆಲವು ನಿಮಿಷಗಳಿಗೆ ಇರುವಂಥವು, ರೋಗಿಗಳಿಗಾಗಿ ಇರುವಂಥವಲ್ಲ.

ಜೊತೆಗಿರುವವರ ಕೆಲಸ

ಇಂಥ ರೋಗಿಯನ್ನು ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿಯೇ ಸುರಕ್ಷಿತವಾಗಿ ಕರೆತರಲು ಒಬ್ಬ ವೈದ್ಯರೋ ದಾದಿಯೋ ಜೊತೆಗೆ ಪ್ರಯಾಣಿಸುವ ವ್ಯವಸ್ಥೆಯನ್ನು 'ಮೆಡಿಕಲ್ ಎಸ್ಕಾರ್ಟ್' ಎನ್ನುತ್ತಾರೆ. ವೈದ್ಯಕೀಯ ಬೆಂಗಾವಲು ಎನ್ನೋಣ. ಇದು ಏರ್ ಆಂಬುಲೆನ್ಸ್ ಅಲ್ಲ. ರೋಗಿಗೆಂದೇ ಇಡೀ ವಿಮಾನವನ್ನು ಗೊತ್ತುಮಾಡುವ ಅದರ ವೆಚ್ಚದ ಒಂದು ಸಣ್ಣ ಪಾಲಿನಲ್ಲಿ ಬೆಂಗಾವಲಿನ ಪ್ರಯಾಣ ಮುಗಿಯುತ್ತದೆ.

ಬೆಂಗಾವಲಿನವರ ಕೆಲಸ ವಿಮಾನದ ಬಾಗಿಲಲ್ಲಿ ಆರಂಭವಾಗುವುದಿಲ್ಲ, ಆಸ್ಪತ್ರೆಯ ಹಾಸಿಗೆಯ ಬಳಿ ಆರಂಭವಾಗುತ್ತದೆ. ಅವರು ರೋಗಿಯನ್ನು ಕಣ್ಣಾರೆ ಪರೀಕ್ಷಿಸುತ್ತಾರೆ. ಚಿಕಿತ್ಸೆ ನೀಡಿದ ವೈದ್ಯರಿಂದ ವಿವರ ಪಡೆಯುತ್ತಾರೆ. ವಿಮಾನ ಸಂಸ್ಥೆಯ ವೈದ್ಯಕೀಯ ವಿಭಾಗಕ್ಕೆ ಸಲ್ಲಿಸಬೇಕಾದ 'ಮೆಡಿಫ್' ಎಂಬ ನಮೂನೆ ಸರಿಯಾಗಿ ಭರ್ತಿಯಾಗಿದೆಯೇ ಎಂದು ನೋಡುತ್ತಾರೆ. ಪ್ರಯಾಣಿಕರು ತಮ್ಮದೇ ಆಮ್ಲಜನಕದ ಸಿಲಿಂಡರ್ ಒಯ್ಯಲು ಹೆಚ್ಚಿನ ಸಂಸ್ಥೆಗಳು ಬಿಡುವುದಿಲ್ಲವಾದ್ದರಿಂದ, ಗಾಳಿಯಿಂದಲೇ ಆಮ್ಲಜನಕವನ್ನು ಸಾಂದ್ರಗೊಳಿಸುವ ಸಣ್ಣ ಯಂತ್ರವನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಅದರ ಬ್ಯಾಟರಿ ಪ್ರಯಾಣದ ಅವಧಿಗಿಂತ ಸಾಕಷ್ಟು ಹೆಚ್ಚು ಹೊತ್ತು ಬಾಳುವಂತಿರಬೇಕು. ಮೂತ್ರದ ಕೊಳವೆಯ ಚೀಲ ಖಾಲಿ ಮಾಡುವುದು, ಗಂಟಲಿನ ಕೊಳವೆಯ ಸುತ್ತಲಿನ ಗಾಳಿಚೀಲ ಎತ್ತರದಲ್ಲಿ ಹಿಗ್ಗದಂತೆ ನೋಡಿಕೊಳ್ಳುವುದು, ಕಫ ಹೀರುವುದು, ಹಾಸಿಗೆ ಹುಣ್ಣಾಗದಂತೆ ಮೈ ಹೊರಳಿಸುವುದು, ಹೊತ್ತಿಗೆ ಸರಿಯಾಗಿ ಔಷಧಿ ಕೊಡುವುದು, ಕೊನೆಗೆ ಊರಿನ ಆಸ್ಪತ್ರೆಯ ವೈದ್ಯರ ಕೈಗೆ ರೋಗಿಯನ್ನೂ ಕಾಗದಪತ್ರಗಳನ್ನೂ ಒಪ್ಪಿಸುವುದು - ಇವೆಲ್ಲ ಅವರ ಹೊಣೆ. ಹಾಸಿಗೆಯಿಂದ ಹಾಸಿಗೆಯವರೆಗೆ ಕೈಬಿಡದೆ ನಡೆಯುವ ಚಿಕಿತ್ಸೆ ಇದು. ವಿಮಾನ ಅದರ ನಡುವಿನ ಒಂದು ಘಟ್ಟ ಮಾತ್ರ.

ಕುಳಿತುಕೊಳ್ಳಲಾಗದ ರೋಗಿಗೆ ಸ್ಟ್ರೆಚರ್ ಬೇಕಾದಾಗ ಸಾಮಾನ್ಯ ದರ್ಜೆಯ ಆರೋ ಅದಕ್ಕಿಂತ ಹೆಚ್ಚೋ ಆಸನಗಳ ಸ್ಥಳವನ್ನು ಬಳಸಬೇಕಾಗುತ್ತದೆ. ಅಷ್ಟೂ ಆಸನಗಳ ದರ ತೆರಬೇಕಾಗುತ್ತದೆ. ಕಡಿಮೆ ದರದ ಅನೇಕ ಸಂಸ್ಥೆಗಳಲ್ಲಿ ಸ್ಟ್ರೆಚರ್ ಸೌಲಭ್ಯವೇ ಇಲ್ಲ. ಬಡವನು ಆರಿಸಿಕೊಳ್ಳುವುದು ಅಂಥ ವಿಮಾನವನ್ನೇ ಎಂಬುದನ್ನು ಮರೆಯದಿರೋಣ.

ಕೇಳಿಬರುವ ಆಕ್ಷೇಪಗಳು

ಈ ವಿಷಯವನ್ನು ಎತ್ತಿದಾಗಲೆಲ್ಲ ಕೆಲವು ಮಾತುಗಳು ಕೇಳಿಬರುತ್ತವೆ. ಒಂದೊಂದನ್ನೇ ಪರಿಶೀಲಿಸೋಣ.

"ವಿಮಾನದಲ್ಲಿ ಗಗನಸಖಿಯರಿದ್ದಾರಲ್ಲ?" ಎಂಬುದು ಮೊದಲನೆಯದು. 1930ರಲ್ಲಿ ಅಮೆರಿಕದಲ್ಲಿ ಎಲೆನ್ ಚರ್ಚ್ ಎಂಬಾಕೆ ಪ್ರಪಂಚದ ಮೊತ್ತಮೊದಲ ಗಗನಸಖಿಯಾದಾಗ, ಆಕೆಯೂ ಆಕೆಯೊಂದಿಗೆ ನೇಮಕಗೊಂಡ ಇತರ ಏಳು ಮಂದಿಯೂ ತರಬೇತಿ ಪಡೆದ ದಾದಿಯರೇ ಆಗಿದ್ದರು. ದಾದಿಯಾಗಿರಬೇಕೆಂಬ ಆ ನಿಯಮ ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯರು ಸೇನೆಗೆ ಬೇಕಾದಾಗ ಕೈಬಿಟ್ಟುಹೋಯಿತು. ಇಂದಿನ ಸಿಬ್ಬಂದಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಇರುತ್ತದೆ ನಿಜ. ಆದರೆ ಅವರು ನೂರಾರು ಪ್ರಯಾಣಿಕರ ಸುರಕ್ಷತೆಗೆ ನೇಮಕಗೊಂಡವರು. ಒಬ್ಬ ರೋಗಿಯ ಪಕ್ಕದಲ್ಲಿ ನಾಲ್ಕು ಗಂಟೆ ಕೂರುವುದು ಅವರಿಂದ ಸಾಧ್ಯವೂ ಇಲ್ಲ, ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

"ಪ್ರಯಾಣಿಕರಲ್ಲಿ ಒಬ್ಬರಾದರೂ ವೈದ್ಯರು ಇದ್ದೇ ಇರುತ್ತಾರೆ" ಎಂಬುದು ಎರಡನೆಯದು. 2013ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, 2008ರಿಂದ 2010ರವರೆಗೆ ಐದು ವಿಮಾನ ಸಂಸ್ಥೆಗಳಿಂದ ವೈದ್ಯಕೀಯ ಸಲಹಾ ಕೇಂದ್ರವೊಂದಕ್ಕೆ ಬಂದ 11,920 ತುರ್ತು ಕರೆಗಳನ್ನು ಪರಿಶೀಲಿಸಿತು. ಸರಾಸರಿ 604 ಹಾರಾಟಗಳಿಗೆ ಒಂದರಂತೆ ತುರ್ತುಸ್ಥಿತಿ ಉಂಟಾಗಿತ್ತು. ಪ್ರಯಾಣಿಕರಾಗಿದ್ದ ವೈದ್ಯರು ನೆರವಾದದ್ದು ಶೇಕಡಾ 48ರಷ್ಟು ಪ್ರಕರಣಗಳಲ್ಲಿ ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ಬಾರಿ ಆ ಭಾಗ್ಯ ಒದಗಲಿಲ್ಲ. ಒದಗಿದ ವೈದ್ಯರಾದರೂ ರೋಗಿಯ ಹಿಂದುಮುಂದು ಅರಿಯದ ಅಪರಿಚಿತರು. ಒಂದು ಜೀವವನ್ನು ಹೀಗೆ ಅದೃಷ್ಟದ ಚೀಟಿಗೆ ಒಪ್ಪಿಸಬಹುದೇ?

"ಮನೆಯವರೋ ಗೆಳೆಯರೋ ಜೊತೆಗಿದ್ದರೆ ಸಾಲದೇ?" ಎಂಬುದು ಮೂರನೆಯದು. ಕಾಲುಮುರಿದು ಗುಣವಾಗುತ್ತಿರುವವರಿಗೆ ಸಾಕು. ಎಲ್ಲ ರೋಗಿಗೂ ದಾದಿ ಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದವರು ವೈದ್ಯರು, ಲೆಕ್ಕಪತ್ರ ನೋಡುವ ಗುಮಾಸ್ತರಲ್ಲ. ನನ್ನ ಹಳೆಯ ವಿದ್ಯಾರ್ಥಿಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತಿಳಿವಳಿಕೆಯಲ್ಲಿ, ಅದು ಅವನ ತಪ್ಪಲ್ಲ. ಪ್ರೀತಿಯನ್ನು ವೈದ್ಯಕೀಯ ಅರಿವಿನ ಬದಲಿಗೆ ಇಟ್ಟು, ಆಮೇಲೆ ಸಾವಿನ ಭಾರವನ್ನು ಆ ಪ್ರೀತಿಯ ಹೆಗಲಿಗೇ ಹೊರಿಸುವುದು ಕ್ರೌರ್ಯ.

ನಾಲ್ಕನೆಯ ಆಕ್ಷೇಪ ಗಂಭೀರವಾದದ್ದು. "ಬೆಂಗಾವಲು ಬೇಕೆಂಬ ನಿಯಮ ಬಂದರೆ ಅದನ್ನೇ ನೆಪಮಾಡಿ ಅಂಗವಿಕಲರನ್ನು ವಿಮಾನ ಹತ್ತಲು ಬಿಡದಿದ್ದರೆ?" ಈ ಭಯ ನಿರಾಧಾರವಲ್ಲ. 2012ರಲ್ಲಿ ಮೆದುಳಿನ ಪಾರ್ಶ್ವವಾಯುವಿದ್ದ ಜೀಜಾ ಘೋಷ್ ಎಂಬ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿಯನ್ನು ಕೋಲ್ಕತ್ತದಲ್ಲಿ ವಿಮಾನದಿಂದ ಕೆಳಗಿಳಿಸಲಾಯಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ಅಂಗವೈಕಲ್ಯ ಬೇರೆ, ಅಸ್ಥಿರವಾದ ಅನಾರೋಗ್ಯ ಬೇರೆ. ತನ್ನ ಕಾಳಜಿಯನ್ನು ತಾನೇ ವಹಿಸಿಕೊಳ್ಳಬಲ್ಲ ವ್ಯಕ್ತಿಯ ಮೇಲೆ ಜೊತೆಗಾರನನ್ನು ಹೇರುವುದು ಅವಮಾನ. ಜೊತೆಗಾರನಿಲ್ಲದೆ ಬದುಕಲಾರದ ರೋಗಿಯನ್ನು ಒಂಟಿಯಾಗಿ ಕಳುಹಿಸುವುದು ಅಪರಾಧ. ಈ ಎರಡು ತಪ್ಪುಗಳೂ ಮನುಷ್ಯನನ್ನು ನೋಡದೆ ಟಿಕೆಟ್ಟನ್ನು ಮಾತ್ರ ನೋಡುವ ಕಣ್ಣಿನಿಂದ ಹುಟ್ಟಿದವು.

ಹಣ ಯಾರದು?

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಈ ಪ್ರಶ್ನೆಗೆ. ಶ್ರೀಮಂತರಿಗೆ ತೊಂದರೆಯಿಲ್ಲ, ಒಳ್ಳೆಯ ಪ್ರಯಾಣ ವಿಮೆಯುಳ್ಳ ಪ್ರವಾಸಿಗೂ ವಿಮಾ ಸಂಸ್ಥೆಯೇ ದಾದಿಯನ್ನು ಕಳುಹಿಸುತ್ತದೆ. ಬಿಸಿಲಿನಲ್ಲಿ ಕಟ್ಟಡ ಕಟ್ಟಿದ ನಮ್ಮ ಕರಾವಳಿಯ ಗಾರೆಯವನಿಗೆ, ಅಡುಗೆಯವನಿಗೆ, ಮನೆಗೆಲಸದ ಹೆಣ್ಣುಮಗಳಿಗೆ ಯಾರಿದ್ದಾರೆ?

ಕಾನೂನು ಇಲ್ಲವೆಂದಲ್ಲ. ಸೌದಿ ಅರೇಬಿಯಾದ 2005ರ ಕಾರ್ಮಿಕ ಕಾನೂನೂ ಸಂಯುಕ್ತ ಅರಬ್ ಎಮಿರೇಟ್ಸ್‌ನ 2021ರ ಕಾನೂನೂ ಕೆಲಸ ಮುಗಿದ ಕಾರ್ಮಿಕನನ್ನು ಸ್ವದೇಶಕ್ಕೆ ಕಳುಹಿಸುವ ವೆಚ್ಚವನ್ನು, ಕೆಲವು ನಿಬಂಧನೆಗಳಿಗೊಳಪಟ್ಟು, ಮಾಲೀಕನ ಮೇಲೆಯೇ ಹೊರಿಸಿವೆ. ಆದರೆ 'ಕಳುಹಿಸುವುದು' ಎಂದರೇನು? ನಡೆದು ಹೋಗಬಲ್ಲವನಿಗೆ ಒಂದು ಟಿಕೆಟ್ ಕೊಟ್ಟರೆ ಕಳುಹಿಸಿದಂತಾಯಿತು. ಮಲಗಿದವನಿಗೆ ಒಂದು ಟಿಕೆಟ್ ಕೊಟ್ಟರೆ ಅದು ಕಳುಹಿಸಿದಂತಲ್ಲ, ಹೊರಹಾಕಿದಂತೆ.

ನಮ್ಮ ಸರಕಾರ 2003ರಲ್ಲಿ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಪರಿಷ್ಕೃತವಾದ ರೂಪದಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ ಅಪಘಾತದ ಮರಣಕ್ಕೂ ಶಾಶ್ವತ ಅಂಗವೈಕಲ್ಯಕ್ಕೂ ಹತ್ತು ಲಕ್ಷ ರೂಪಾಯಿಯ ರಕ್ಷಣೆ ಅದರಲ್ಲಿದೆ. ಒಳ್ಳೆಯ ಯೋಜನೆಯೇ. ಆದರೆ ಅದನ್ನು ಕಡ್ಡಾಯಗೊಳಿಸಿದ್ದು ವಲಸೆ ಅನುಮತಿ ಅಗತ್ಯವಿರುವ ಪಾಸ್‌ಪೋರ್ಟ್ ಉಳ್ಳವರಿಗೆ. ಹತ್ತನೆಯ ತರಗತಿ ಪಾಸಾದವರಿಗೆ ಆ ಅನುಮತಿ ಬೇಕಿಲ್ಲ. ಅಂದರೆ ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಗೋ ಗೋದಾಮಿಗೋ ಸೇರಿದ ನಮ್ಮೂರಿನ ಅಸಂಖ್ಯ ಮಕ್ಕಳು ಓದಿದ ತಪ್ಪಿಗೆ ಆ ಕಡ್ಡಾಯದ ಆಸರೆಯಿಂದ ಹೊರಗುಳಿದರು! ಇನ್ನೊಂದು ಸಂಗತಿಯೂ ಗಮನಾರ್ಹ. ವಿಮೆ ಮಾಡಿದ ಕಾರ್ಮಿಕ ಸತ್ತರೆ ಮೃತದೇಹ ತರುವ ವೆಚ್ಚದೊಂದಿಗೆ, ಅದರ ಜೊತೆ ಬರುವ ಒಬ್ಬನ ಹೋಗಿಬರುವ ವಿಮಾನದರವನ್ನೂ ಭರಿಸಲು ಆ ಯೋಜನೆಯಲ್ಲಿ ಅವಕಾಶ ಮಾಡಲಾಯಿತು. ಸತ್ತವನಿಗೆ ಜೊತೆ ಬೇಕೆಂದು ತಿಳಿದಿದ್ದ ನಮಗೆ, ಇನ್ನೂ ಉಸಿರಾಡುತ್ತಿರುವವನ ಪಕ್ಕದಲ್ಲಿ ದಾದಿಯೊಬ್ಬಳು ಬೇಕೆಂಬುದನ್ನು ಅಷ್ಟೇ ಸ್ಪಷ್ಟವಾಗಿ ಬರೆದಿಡಲು ಏನು ಕಷ್ಟ?

"ಇದೆಲ್ಲ ಆಗುವ ಮಾತಲ್ಲ" ಎನ್ನುವವರು ಹಡಗಿನ ಕೆಲಸಗಾರರತ್ತ ನೋಡಲಿ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ, ಕಾಯಿಲೆಯಿಂದಲೋ ಗಾಯದಿಂದಲೋ ಮರಳಬೇಕಾದ ನಾವಿಕನನ್ನು ಊರು ಸೇರಿಸುವ ಹೊಣೆ ಹಡಗಿನ ಒಡೆಯನದು. ಪ್ರಯಾಣಕ್ಕೆ ಶಕ್ತನಾಗುವವರೆಗಿನ ಚಿಕಿತ್ಸೆಯ ವೆಚ್ಚವನ್ನೂ ಊರು ಸೇರಿಸುವ ಖರ್ಚಿನಲ್ಲಿಯೇ ಎಣಿಸಬೇಕೆಂದು ಅದರ ಮಾರ್ಗಸೂಚಿ ಹೇಳುತ್ತದೆ. 2013ರಲ್ಲಿ ಜಾರಿಗೆ ಬಂದ ಆ ಒಡಂಬಡಿಕೆಯನ್ನು ಭಾರತವೂ 2015ರಲ್ಲಿ ಅಂಗೀಕರಿಸಿತು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಹಡಗು ಹತ್ತಿ ಇನ್ನೊಬ್ಬನು ಕಟ್ಟಡ ಹತ್ತಿದರೆ, ಕಾಯಿಲೆ ಬಿದ್ದಾಗ ಅವರ ಬೆಲೆ ಬೇರೆಬೇರೆಯಾಗಬೇಕೇ? ನೀರಿನ ಮೇಲೆ ಸಾಧ್ಯವಾದದ್ದು ನೆಲದ ಮೇಲೆ ಏಕೆ ಸಾಧ್ಯವಿಲ್ಲ?

ನಮ್ಮ ಪಾಲಿನ ತಪ್ಪು

ಬೆರಳನ್ನು ಇತರರತ್ತ ಮಾತ್ರ ತೋರಿಸಿದರೆ ಆತ್ಮಸಾಕ್ಷಿ ಒಪ್ಪದು. ಅನುಮತಿ ಸಿಗಲಾರದೆಂಬ ಅಂಜಿಕೆಯಿಂದ ರೋಗಿಗೆ ಕ್ಷೌರ ಮಾಡಿಸಿ, ಹೊಸ ಅಂಗಿ ತೊಡಿಸಿ, "ಸ್ವಲ್ಪ ಸುಸ್ತು ಅಷ್ಟೇ" ಎಂದು ಹೇಳಿ ವಿಮಾನ ಹತ್ತಿಸುವವರು ನಮ್ಮವರೇ. ರೋಗಿಯ ಮುಖ ನೋಡದೆ 'ಪ್ರಯಾಣಕ್ಕೆ ಯೋಗ್ಯ' ಎಂದು ಪ್ರಮಾಣಪತ್ರ ಬರೆದುಕೊಡುವ ವೈದ್ಯರೂ ಇದ್ದಾರೆ. ಸುಳ್ಳು ಹೇಳಿದವರನ್ನು ಜರೆಯುವುದು ಸುಲಭ. ನಿಜ ಹೇಳಿದರೆ ಆರು ಆಸನಗಳ ಹಣ ಕೇಳುವ ವ್ಯವಸ್ಥೆಯೇ ಅವರನ್ನು ಸುಳ್ಳಿಗೆ ದೂಡಿದೆ ಎಂಬುದೂ ಅಷ್ಟೇ ನಿಜ. ಆದರೂ ಆ ಸುಳ್ಳಿನ ಬೆಲೆ ತೆರುವವನು ರೋಗಿಯೇ.

ಬೆಂಗಾವಲು ಸೇವೆಯನ್ನೇ ವ್ಯಾಪಾರ ಮಾಡಿಕೊಂಡವರನ್ನೂ ಪ್ರಶ್ನಿಸಬೇಕು. ಬರುವವರು ನೋಂದಾಯಿತ ದಾದಿಯೋ, ಬಿಳಿ ಅಂಗಿ ತೊಟ್ಟ ಯಾರೋ ಒಬ್ಬರೋ? ತುರ್ತು ಚಿಕಿತ್ಸೆಯ ಅನುಭವವಿದೆಯೇ? ಯಾವ ಉಪಕರಣಗಳನ್ನು ತರುತ್ತಾರೆ? ಹಾಸಿಗೆಯ ಬಳಿ ಬಂದು ರೋಗಿಯನ್ನು ನೋಡುತ್ತಾರೆಯೋ, ವಿಮಾನ ನಿಲ್ದಾಣದಲ್ಲಿ ಮೊದಲ ಸಲ ಭೇಟಿಯಾಗುತ್ತಾರೆಯೋ? ಹಣ ಕೊಡುವ ಮೊದಲು ಕೇಳುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ. ಹಾಗೆಯೇ ರಾತ್ರಿಯಿಡೀ ರೋಗಿಯ ಪಕ್ಕದಲ್ಲಿ ಎಚ್ಚರವಿದ್ದ ದಾದಿಯನ್ನು ವಿಶ್ರಾಂತಿಯೇ ಕೊಡದೆ ಮರುವಿಮಾನಕ್ಕೆ ಹತ್ತಿಸಬಾರದು. ಆಕೆಯೂ ಯಾರದೋ ಮನೆಯ ಮಗಳು, ಹಲವು ಬಾರಿ ನಮ್ಮದೇ ನಾಡಿನವಳು.

ಪರವೂರಿನಲ್ಲಿರುವ ನಮ್ಮ ಸಂಘಗಳಿಗೂ ಒಂದು ಮಾತು. ಯಾರಾದರೂ ತೀರಿಕೊಂಡ ಸುದ್ದಿ ಬಂದೊಡನೆ ಚಂದಾ ಎತ್ತಿ ಶವಪೆಟ್ಟಿಗೆಯನ್ನು ಊರಿಗೆ ಕಳುಹಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆ ಔದಾರ್ಯ ಮೆಚ್ಚತಕ್ಕದ್ದೇ. ಆದರೆ ಅದೇ ಮನುಷ್ಯ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಊರನ್ನು ನೆನೆಯುತ್ತ ಮಲಗಿದ್ದಾಗ ನಮ್ಮ ಚಂದಾ ಪುಸ್ತಕ ಎಲ್ಲಿತ್ತು?

ಆಗಬೇಕಾದದ್ದು

ಕೇಳುತ್ತಿರುವುದು ಅಸಾಧ್ಯವಾದದ್ದೇನಲ್ಲ. ವಿದೇಶೀ ಉದ್ಯೋಗದ ಕರಾರುಪತ್ರದಲ್ಲಿ 'ಊರಿಗೆ ಕಳುಹಿಸುವ ವೆಚ್ಚ' ಎಂಬಲ್ಲಿ, ವೈದ್ಯರು ಅಗತ್ಯವೆಂದು ಬರೆದುಕೊಟ್ಟರೆ ಬೆಂಗಾವಲಿನ ಹಾಗೂ ಸ್ಟ್ರೆಚರಿನ ವೆಚ್ಚವೂ ಸೇರಿದೆಯೆಂಬ ಒಂದು ವಾಕ್ಯ ಸೇರಬೇಕು. ಕಡ್ಡಾಯ ವಿಮೆ ಹತ್ತನೆಯ ತರಗತಿಯ ಗೆರೆ ದಾಟಿ ಎಲ್ಲ ಕಾರ್ಮಿಕರನ್ನೂ ತಲುಪಬೇಕು. 2009ರಿಂದ ನಮ್ಮ ರಾಯಭಾರ ಕಚೇರಿಗಳಲ್ಲಿರುವ ಭಾರತೀಯ ಸಮುದಾಯ ಕಲ್ಯಾಣ ನಿಧಿ ಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೂ ಮರುಪ್ರಯಾಣಕ್ಕೂ ಉಂಟು. ಅದರ ಬಾಗಿಲು ತಟ್ಟಬಹುದೆಂಬ ಸಂಗತಿಯನ್ನೇ ಅರಿಯದ ಕುಟುಂಬಗಳಿಗೆ ತಿಳಿಸಿಕೊಡುವ ಕೆಲಸ ನಮ್ಮದು. ಪಕ್ಕದ ಕೇರಳ 1996ರಲ್ಲಿಯೇ ಅನಿವಾಸಿಗಳಿಗಾಗಿ 'ನೋರ್ಕಾ' ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ರೋಗಿಗಳಾಗಿ ಮರಳುವವರನ್ನು ವಿಮಾನ ನಿಲ್ದಾಣದಿಂದ ಮುಂದೆ ಒಯ್ಯಲು ಉಚಿತ ಆಂಬುಲೆನ್ಸ್ ಸೇವೆಯನ್ನೂ ಅದರ ಆಶ್ರಯದಲ್ಲಿ ಏರ್ಪಡಿಸಿತು. ನಾವೂ ಅಷ್ಟನ್ನಾದರೂ ಕೇಳಬೇಕು. ಪ್ರಯಾಣಕ್ಕೆ ಜೊತೆ ಹೋಗಲು ಸಿದ್ಧರಿರುವ ದಾದಿಯರ ಪಟ್ಟಿಯೊಂದನ್ನು ಇಟ್ಟುಕೊಳ್ಳಲು ನಮ್ಮ ಆಸ್ಪತ್ರೆಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ದುಡಿಯುವ ದೇಹವನ್ನು ಬೇಕೆಂದು ಕರೆಸಿಕೊಂಡ ನಾಡಿಗೆ ಆ ದೇಹ ಕುಸಿದಾಗ ಅದನ್ನು ಗೌರವದಿಂದ ಹಿಂದಿರುಗಿಸುವ ಋಣವಿದೆ. ಅದರ ಗಳಿಕೆಯಿಂದ ಮನೆ ಕಟ್ಟಿಕೊಂಡ, ಮಕ್ಕಳನ್ನು ಓದಿಸಿದ, ಊರಿನ ಕಟ್ಟಡಗಳಿಗೆ ದೇಣಿಗೆ ಪಡೆದ ನಮಗೂ ಆ ಋಣವಿದೆ.

ಆ ಯುವಕ ಮತ್ತೆ ಕೊಲ್ಲಿಗೆ ಹೊರಡುವ ಮುನ್ನ ನಮ್ಮ ಮನೆಗೆ ಬಂದಿದ್ದ. "ಮಾಸ್ಟ್ರೇ, ನಾನು ಆ ನೀರು ಕೊಡಬಾರದಿತ್ತೋ ಏನೋ" ಎಂದು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ. ತಪ್ಪು ನಿನ್ನದಲ್ಲ ಮಗಾ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಒಂದು ಟಿಕೆಟ್ಟಿನ ಹಣ ಉಳಿಸಿದವರು ಆ ರಾತ್ರಿ ನೆಮ್ಮದಿಯಿಂದ ನಿದ್ರಿಸಿರಬಹುದು. ಅವನು ಇಂದಿಗೂ ನಿದ್ರಿಸಲಾರ. ಅವನ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವರು. ಅವರಿಂದ ಉತ್ತರ ಕೇಳಬೇಕಾದವರು ನಾವು.